ಮನೆಯೊಳಗಿನ ತಂಬೂರಿ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)

ಹಿಂದಿನ ಸಾಲಿನಲ್ಲಿ ಕುಳಿತು ಊಟದ ಹೊತ್ತನ್ನು ಎಣಿಸುತ್ತಿರುವ ಬಾಲಕ ಬಾಲಕಿಯರೇ,

ರಾಜ್ಯೋತ್ಸವದ ದಿನ ಮಾತನಾಡಲು ಎದ್ದು ನಿಂತವನು ನಾಡಿನ ಹಿರಿಮೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು ವಾಡಿಕೆ. ಆದರೆ ನಮ್ಮ ಕಾರ್ಯದರ್ಶಿಗಳು ಮನೆಗೆ ಬಂದು, "ಈ ಸಲ ತಾವು ತಂತಿವಾದ್ಯಗಳ ವಿಷಯ ಹೇಳಬೇಕು. ಮಕ್ಕಳಿಗೆ ಸಂಗೀತ ಕಲಿಸುವ ಮನೆಗಳು ನಮ್ಮಲ್ಲಿ ಬಹಳವಿವೆ. ಯಾವುದನ್ನು ಕೊಳ್ಳಬೇಕು, ಕೊಂಡದ್ದನ್ನು ಹೇಗೆ ಕಾಪಾಡಬೇಕು ಎಂದು ಎಲ್ಲರೂ ಕೇಳುತ್ತಾರೆ" ಎಂದು ಅಪ್ಪಣೆ ಮಾಡಿದರು. ನಾನು ಗಾಯಕನಲ್ಲ, ವಾದಕನೂ ಅಲ್ಲ; 38 ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಒಂದು ಒಳ್ಳೆಯ ತಂಬೂರಿಯನ್ನು ನನ್ನ ಕೈಯಾರೆ ಕೆಡಿಸಿ, ಅನಂತರ ಬಲ್ಲವರ ಕಾಲಿಗೆ ಬಿದ್ದು ಸರಿಪಡಿಸಿಕೊಂಡವನು ಎಂಬುದಿಷ್ಟೇ ನನ್ನ ಅರ್ಹತೆ. ಕೆಡಿಸಿದವನಿಗೆ ತಿಳಿಯುವಷ್ಟು ಕೆಡಿಸದವನಿಗೆ ತಿಳಿಯುವುದಿಲ್ಲ ಎಂಬ ಧೈರ್ಯದಿಂದ ನಿಮ್ಮೆದುರು ನಿಂತಿದ್ದೇನೆ.

ತಂತಿವಾದ್ಯಗಳು ಹಲವು. ಅವುಗಳಲ್ಲಿ ತಂಬೂರಿಯೊಂದನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಈ ಸಭೆಯಲ್ಲಿ ಧಾರವಾಡ, ಬೆಳಗಾವಿಗಳವರಿದ್ದಾರೆ, ಮೈಸೂರು, ತುಮಕೂರುಗಳವರಿದ್ದಾರೆ, ಮಂಗಳೂರು, ಉಡುಪಿಗಳವರೂ ಇದ್ದಾರೆ. ನಮ್ಮ ಸಾರು ಬೇರೆ, ರೊಟ್ಟಿ ಬೇರೆ, ಮಾತಿನ ಧಾಟಿ ಬೇರೆ. ಸಂಗೀತದಲ್ಲಂತೂ ಎರಡು ಹೆದ್ದಾರಿಗಳೇ ಇವೆ. ಹುಬ್ಬಳ್ಳಿಯವರು ಹಿಂದುಸ್ತಾನಿ ಎನ್ನುತ್ತಾರೆ, ಮೈಸೂರಿನವರು ಕರ್ನಾಟಕ ಸಂಗೀತ ಎನ್ನುತ್ತಾರೆ. ಗಂಗೂಬಾಯಿ ಹಾನಗಲ್ ಅವರ ಹಿಂದೆಯೂ ತಂಬೂರಿ ಮೀಟುತ್ತಿತ್ತು, ಮೈಸೂರಿನ ವಿದ್ವಾಂಸರ ಹಿಂದೆಯೂ ತಂಬೂರಿಯೇ ಮೀಟುತ್ತಿತ್ತು. ಪುರಂದರದಾಸರ ಪಟವನ್ನು ನೋಡಿದರೆ ಕೈಯಲ್ಲಿರುವುದು ತಂಬೂರಿ. ಶಿಶುನಾಳ ಶರೀಫರು (1819–1889) ತತ್ತ್ವ ಹೇಳುವುದಕ್ಕೆ ಹಿಡಿದುಕೊಂಡದ್ದೂ ತಂಬೂರಿಯನ್ನೇ. ಆ ಪದ ನಿಮಗೆಲ್ಲ ಬಾಯಿಪಾಠವಿದೆ. ಎರಡು ಸಂಗೀತಗಳನ್ನೂ, ದಾಸರನ್ನೂ ಶರೀಫರನ್ನೂ ಒಂದೇ ಚಾಪೆಯ ಮೇಲೆ ಕೂರಿಸಬಲ್ಲ ವಾದ್ಯ ಇದು. ಆದುದರಿಂದ ಇಂದಿನ ದಿನಕ್ಕೆ ಇದೇ ತಕ್ಕುದೆಂದು ತಿಳಿದೆ.

ಮೊದಲು ನನ್ನ ತಪ್ಪೊಪ್ಪಿಗೆ. ನಮ್ಮ ಅವ್ವ ಧಾರವಾಡದಿಂದ ಮುಂಬಯಿಗೆ ಬಂದದ್ದು 1982ರಲ್ಲಿ. ಸಾಮಾನೆಂದರೆ ಎರಡು ಟ್ರಂಕು ಮತ್ತು ಗವಸಿನಲ್ಲಿ ಸುತ್ತಿದ ಒಂದು ತಂಬೂರಿ. ರೈಲಿನಲ್ಲಿ ಟ್ರಂಕುಗಳನ್ನು ನನಗೆ ಒಪ್ಪಿಸಿ, ತಂಬೂರಿಯನ್ನು ರಾತ್ರಿಯಿಡೀ ಮಗುವಿನಂತೆ ತೊಡೆಯ ಮೇಲೆ ಒರಗಿಸಿಕೊಂಡು ಕುಳಿತಿದ್ದಳು. ಎರಡು ಕೋಣೆಯ ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅದನ್ನು ಶ್ರುತಿ ಮಾಡಿ ನಾಲ್ಕು ದಾಸರ ಪದ ಹೇಳುವುದು ಅವಳ ನಿತ್ಯನೇಮ. 2003ರಲ್ಲಿ ಅವಳು ತೀರಿಕೊಂಡಳು. ತಂಬೂರಿಗೆ ಗವಸು ಹಾಕಿ, ಕೋಣೆಯ ಮೂಲೆಗೆ ಒರಗಿಸಿ, ಪ್ರತಿ ದಸರೆಗೆ ಅರಿಸಿನ ಕುಂಕುಮ ಹಚ್ಚಿ ನಮಸ್ಕಾರ ಮಾಡಿದೆವು. ಹನ್ನೆರಡು ವರ್ಷ ಪೂಜೆಗೆ ಕೊರತೆಯಾಗಲಿಲ್ಲ. ಮೀಟುವ ಕೈ ಮಾತ್ರ ಇರಲಿಲ್ಲ.

2015ರಲ್ಲಿ ನನ್ನ ಎಂಟು ವರ್ಷದ ಮೊಮ್ಮಗಳು ಹಾಡು ಕಲಿಯಲು ಹೊರಟಾಗ ಗವಸು ಬಿಚ್ಚಿದೆವು. ಬಿಚ್ಚಿದರೆ ಏನಿದೆ! ಉಕ್ಕಿನ ತಂತಿಗಳು ತುಕ್ಕು ಹಿಡಿದು ಒಂದು ತುಂಡಾಗಿದೆ. ಕುದುರೆಯ ಕೆಳಗಿನ ಹಲಗೆ ಒಳಕ್ಕೆ ಕುಸಿದಿದೆ. ಬುರುಡೆಗೂ ದಂಡಿಗೂ ಕೂಡುವಲ್ಲಿ ಕೂದಲೆಳೆಯಂಥ ಬಿರುಕು. ಹನ್ನೆರಡು ಮಳೆಗಾಲ ಹೊರಗೋಡೆಯ ತೇವ ಕುಡಿದು, ಒಂದು ದಿನವೂ ಸಡಿಲಿಸದ ತಂತಿಗಳ ಎಳೆತವನ್ನು ಹೊತ್ತುಕೊಂಡು ನಿಂತ ಜೀವ ಮತ್ತೇನಾದೀತು? ಅಷ್ಟಕ್ಕೇ ಬಿಡದೆ ನಾನೇ ರಿಪೇರಿಗೆ ಕೈ ಹಾಕಿದೆ. ಬಿರಡೆಗಳು ತಿರುಗವೆಂದು ಕೊಬ್ಬರಿ ಎಣ್ಣೆ ಹಚ್ಚಿದೆ. ಅವು ತಿರುಗಿದುವು, ಆದರೆ ಆಮೇಲೆ ಎಲ್ಲಿಯೂ ನಿಲ್ಲಲಿಲ್ಲ. ಕುದುರೆ ಒರಟಾಗಿದೆಯೆಂದು ಉಪ್ಪುಕಾಗದ ಹಾಕಿ ತಿಕ್ಕಿದೆ. ಅದರಲ್ಲಿದ್ದ ದನಿಯೂ ಹೋಯಿತು.

ಕೊನೆಗೆ ಅದನ್ನು ಎತ್ತಿಕೊಂಡು ಮಿರಜಿಗೆ ಹೋದೆ. ಮುಂಬಯಿಯಿಂದ ಹುಬ್ಬಳ್ಳಿ ಧಾರವಾಡಗಳಿಗೆ ರೈಲಿನಲ್ಲಿ ಓಡಾಡಿದ ಯಾರಿಗೆ ಮಿರಜು ಗೊತ್ತಿಲ್ಲ? ದಕ್ಷಿಣದ ಕಡೆ ದೊಡ್ಡ ಗೇಜು ಬರುವ ಮೊದಲು ನಡುರಾತ್ರಿ ನಾವೆಲ್ಲ ಅಲ್ಲಿ ಹಾಸಿಗೆ ಸುತ್ತಿಕೊಂಡು ಗಾಡಿ ಬದಲಿಸಿದವರೇ. ನಮಗೆ ಅದು ಚಹ ಕುಡಿಯುವ ಜಂಕ್ಷನ್. ಆದರೆ ಭಾರತದ ಗಾಯಕರಿಗೆ ಅದು ತಂಬೂರಿಯ ತೌರುಮನೆ. ಹಿಂದೆ ಕತ್ತಿ ಮೊದಲಾದ ಆಯುಧಗಳನ್ನು ಸಾಣೆ ಹಿಡಿದು ಬಾಳುತ್ತಿದ್ದ ಶಿಕಲಗಾರ ಮನೆತನದವರು, 19ನೆಯ ಶತಮಾನದಲ್ಲಿ ಆಯುಧಗಳ ಕಾಲ ಮುಗಿಯುತ್ತ ಬಂದಾಗ ಸಿತಾರ್ ತಂಬೂರಿಗಳ ಕೆಲಸಕ್ಕೆ ತಿರುಗಿಕೊಂಡರು. ಅವರಲ್ಲಿ ಫರೀದಸಾಹೇಬರ ಹೆಸರನ್ನು ಇಂದಿಗೂ ನೆನೆಯುತ್ತಾರೆ. ಖಡ್ಗಕ್ಕೆ ಮೊನೆ ಕೊಡುತ್ತಿದ್ದ ಕೈಗಳು ಕುದುರೆಗೆ ದನಿ ಕೊಡತೊಡಗಿದುವು. ಮಿರಜಿನ ಸಿತಾರಿಗೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಅಲ್ಲಿಯ ತಂಬೂರಿಯ ಬುರುಡೆಗೆ ಬೇಕಾದ ದೊಡ್ಡ ಕಹಿ ಸೋರೆಯನ್ನು ಬೆಳೆಯುವುದು ಪಂಢರಪುರದ ಸುತ್ತಣ ಸೀಮೆಯಲ್ಲಿ. ವಿಠ್ಠಲನ ದರ್ಶನಕ್ಕೆ ಹೋಗುವ ನಮ್ಮ ಕನ್ನಡ ಯಾತ್ರಿಕರು ಎಷ್ಟೋ ತಂಬೂರಿಗಳ ಬಳ್ಳಿಯನ್ನು ದಾರಿಯಲ್ಲಿ ಕಂಡಿರಲಿಕ್ಕೆ ಸಾಕು.

ಮಿರಜಿಗೂ ನಮ್ಮ ಸಂಗೀತಕ್ಕೂ ಇರುವ ನಂಟು ಇನ್ನೂ ಆಳವಾದುದು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಮಿರಜಿನಲ್ಲಿ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಗದುಗಿನಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು. ಶ್ರುತಿಯ ವಿಷಯದಲ್ಲಿ ಎಳ್ಳಷ್ಟೂ ರಾಜಿಯಿಲ್ಲದ ಮನೆತನ ಅದು. ಖಾನಸಾಹೇಬರು 1937ರ ಅಕ್ಟೋಬರದಲ್ಲಿ ಮದರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೋಗುವಾಗ ದಾರಿಯಲ್ಲಿ ಎದೆನೋವು ಬಂದು, ಸಿಂಗಪೆರುಮಾಳ್ ಕೋವಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದು, ತಂಬೂರಿಯನ್ನು ಶ್ರುತಿ ಮಾಡಿಸಿ, ದೇವರನ್ನು ಹಾಡಿ ನೆನೆದು ಪ್ರಾಣ ಬಿಟ್ಟರೆಂದು ಹೇಳುತ್ತಾರೆ. ಕೊನೆಯ ಗಳಿಗೆಯಲ್ಲಿಯೂ ಮೊದಲು ಶ್ರುತಿ, ಆಮೇಲೆ ಪ್ರಾರ್ಥನೆ!

ಮಿರಜಿನ ಆ ಮುದುಕ ಕುಶಲಕರ್ಮಿ ನಮ್ಮ ತಂಬೂರಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಕನ್ನಡ ಬೆರೆತ ಮರಾಠಿಯಲ್ಲಿ ಕೇಳಿದರು: "ಸಾಹೇಬರೇ, ಇದಕ್ಕೆ ಪೆಟ್ಟು ಬಿದ್ದಿಲ್ಲ. ಇದನ್ನು ಮನೆಯಲ್ಲಿ ಯಾರೂ ಮಾತನಾಡಿಸಲಿಲ್ಲವೇ?" ನನಗೆ ಉತ್ತರ ಹೊಳೆಯಲಿಲ್ಲ. ಒಂದು ತಿಂಗಳು ಅಲ್ಲಿಯೇ ಬಿಟ್ಟು ಬಂದೆ. ತಿರುಗಿ ತರಲು ಹೋದಾಗ ಅವರು ಬಿಡುವು ಮಾಡಿಕೊಂಡು ಅರ್ಧ ದಿನ ಕೂರಿಸಿ ಕಲಿಸಿದರು. ಈಗ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಅವರದು, ಕಾಲು ಪಾಲು ನನ್ನ ಪೆಟ್ಟಿನದು.

ಇನ್ನು ಕೊಳ್ಳುವ ಮಾತು. ತಂಬೂರಿ ಕೊಳ್ಳಲು ಹೊರಟವರು ಅಂಗಡಿಗೆ ಹೋಗುವ ಮುನ್ನ ಹಾಡುವವರ ಶ್ರುತಿ ಯಾವುದೆಂದು ಗುರುಗಳನ್ನು ಕೇಳಿ ಬರೆದುಕೊಳ್ಳಬೇಕು. ಧಾರವಾಡದ ಕಡೆ ಹಾರ್ಮೋನಿಯಮ್ಮಿನ ಪಟ್ಟಿಯ ಮೇಲಿಂದ ಬಿಳಿ ಒಂದು, ಕರಿ ನಾಲ್ಕು ಎಂದು ಹೇಳುತ್ತಾರೆ. ಮೈಸೂರಿನ ಕಡೆ ಒಂದು ಮನೆ, ಐದೂವರೆ ಮನೆ ಎನ್ನುತ್ತಾರೆ. ಗಾಬರಿಯಾಗಬೇಡಿ. ಬಿಳಿ ಒಂದೂ ಒಂದು ಮನೆಯೂ ಒಂದೇ. ಕರಿ ನಾಲ್ಕೂ ಐದೂವರೆ ಮನೆಯೂ ಒಂದೇ. ಸಾಮಾನ್ಯವಾಗಿ ಗಂಡಸರ ಶ್ರುತಿ ಒಂದು ಮನೆಯ ಆಸುಪಾಸಿನಲ್ಲಿ, ಹೆಂಗಸರದು ಐದರ ಆಸುಪಾಸಿನಲ್ಲಿ ಇರುತ್ತದೆ. ಗಂಡು ದನಿಗೆ ದೊಡ್ಡ ಬುರುಡೆಯ, ಉದ್ದ ದಂಡಿಯ ತಂಬೂರಿ; ಹೆಣ್ಣು ದನಿಗೆ ಸ್ವಲ್ಪ ಚಿಕ್ಕದು. ಅಪ್ಪನ ತಂಬೂರಿಯನ್ನೇ ಬಿಗಿ ಮಾಡಿ ಮಗಳಿಗೆ ಕೊಡುತ್ತೇನೆಂದರೆ ತಂತಿ ಹರಿಯುತ್ತದೆ, ಇಲ್ಲವೆ ಹಲಗೆ ಕುಸಿಯುತ್ತದೆ. ಮಗಳದನ್ನು ಸಡಿಲಿಸಿ ಅಪ್ಪ ಹಾಡಿದರೆ ತಂತಿ ಗೊಣಗುತ್ತದೆ, ಹಾಡುವುದಿಲ್ಲ. ಅಂಗಿಯಂತೆ ಇದನ್ನೂ ಅಳತೆಗೆ ತಕ್ಕಂತೆಯೇ ಕೊಳ್ಳಬೇಕು.

ಎರಡನೆಯದು, ಜಾತಿ. ಮಿರಜಿನದು ಸೋರೆ ಬುರುಡೆಯದು. ಹಗುರ, ತುಂಬು ದನಿ, ಆದರೆ ಮೊಟ್ಟೆಯಂತೆ ನಾಜೂಕು. ತಂಜಾವೂರಿನ ಕಡೆಯದು ಹಲಸಿನ ಮರದ್ದು, ಕೊಡವೂ ಮರವೇ. ತೂಕ ಹೆಚ್ಚು, ಬಾಳಿಕೆ ಹೆಚ್ಚು. ಕರ್ನಾಟಕ ಸಂಗೀತ ಕಲಿಯುವವರು ಹೆಚ್ಚಾಗಿ ಇದನ್ನೇ ಕೊಳ್ಳುತ್ತಾರೆ. ಇವೆರಡಕ್ಕೂ ಜಾಗವಿಲ್ಲದ ಮನೆಗೆ ಬುರುಡೆಯಿಲ್ಲದ ಚಪ್ಪಟೆ ಪೆಟ್ಟಿಗೆಯ ಪ್ರಯಾಣದ ತಂಬೂರಿ ಉಂಟು. ಅದರ ದನಿ ಸಣ್ಣದು. ಆದರೂ ಮೂಲೆಯಲ್ಲಿ ನಿಂತ ದೊಡ್ಡ ತಂಬೂರಿಗಿಂತ ದಿನಾಲೂ ಮೀಟುವ ಚಿಕ್ಕ ತಂಬೂರಿಯೇ ಮೇಲು.

ಮೂರನೆಯದು, ಪರೀಕ್ಷೆ. ಅಲಂಕಾರಕ್ಕೆ ಮರುಳಾಗಬೇಡಿರಿ. ಬಳ್ಳಿ ಹೂವು ನವಿಲುಗಳಿಗೆ ದುಡ್ಡು ಬೀಳುತ್ತದೆ, ನಾದ ಬೀಳುವುದಿಲ್ಲ. ಬಂದೂಕದ ಗುರಿ ನೋಡುವಂತೆ ದಂಡಿಯ ತುದಿಯಿಂದ ಕಣ್ಣು ಹಾಯಿಸಿ. ದಂಡಿ ಬಾಗಿರಬಾರದು, ತಿರುಚಿರಬಾರದು. ಬುರುಡೆಯನ್ನು ಬೆರಳ ಗೆಣ್ಣಿನಿಂದ ಎಲ್ಲ ಕಡೆ ಮೆಲ್ಲಗೆ ತಟ್ಟಿ. ಒಂದು ಕಡೆ ಒಡಕು ದನಿ ಬಂದರೆ ಬಣ್ಣದ ಕೆಳಗೆ ಬಿರುಕಿದೆ ಎಂದು ತಿಳಿಯಿರಿ. ಬಿರಡೆಗಳನ್ನು ನೀವೇ ತಿರುಗಿಸಿ ನೋಡಿ. ಜಿಗಿಯದೆ ತಿರುಗಬೇಕು, ಬಿಟ್ಟಲ್ಲಿ ನಿಲ್ಲಬೇಕು. ಕುದುರೆ ಅಗಲವಾಗಿ, ನಯವಾಗಿ, ಹಲಗೆಯ ಮೇಲೆ ಭದ್ರವಾಗಿ ಕೂತಿರಬೇಕು. ಹಿಂದೆ ಕುದುರೆಗೆ ದಂತ ಬಳಸುವುದಿತ್ತು. ದಂತದ ವ್ಯಾಪಾರಕ್ಕೆ ಈಗ ಕಾನೂನಿನ ಅಡ್ಡಿಯಿದೆ. ಎಲುಬಿನದೋ ಕರಿಮರದ್ದೋ ಇದ್ದರೆ ದನಿಗೇನೂ ಕೊರತೆಯಿಲ್ಲ. ಕೊನೆಯಲ್ಲಿ ಶ್ರುತಿ ಮಾಡಿಸಿ ಕಾಲು ಗಂಟೆಯಾದರೂ ಕಣ್ಣು ಮುಚ್ಚಿ ಕೇಳಿ. ಅಂಗಡಿಯವರು ಆತುರಪಡಿಸಿದರೆ ಇನ್ನೊಂದು ಅಂಗಡಿಗೆ ಹೋಗಿ. ಕಿವಿ ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯುವುದಂತೂ ಎಲ್ಲಕ್ಕಿಂತ ಒಳ್ಳೆಯದು.

ಇನ್ನು ಕಾಪಾಡುವ ಮಾತು. ಸಮುದ್ರದ ಗಾಳಿಯ ಈ ಊರಿನಲ್ಲಿ ತಂಬೂರಿಗೆ ದೊಡ್ಡ ಶತ್ರು ತೇವ. ಹೊರಗೋಡೆಗೆ ಒರಗಿಸಬೇಡಿ, ಅಡಿಗೆಮನೆಯ ಹಬೆ, ಕಿಟಕಿಯ ಬಿಸಿಲು, ತಂಪು ಮಾಡುವ ಯಂತ್ರದ ನೇರ ಗಾಳಿ, ಮೂರೂ ಬೇಡ. ಮರವು ತೇವಕ್ಕೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ದಿನಕ್ಕೆರಡು ಸಲ ಉಬ್ಬಿ ಕುಗ್ಗಿದರೆ ಸೀಳದೆ ಏನು ಮಾಡೀತು? ಬುರುಡೆಯ ಕೆಳಗೆ ಹಳೆಯ ಸೀರೆಯ ಸಿಂಬಿ ಮಾಡಿ ಇಡಿ. ನೀರಿನ ಕೊಡಕ್ಕೆ ನಮ್ಮ ತಾಯಂದಿರು ಮಾಡುತ್ತಿದ್ದ ಸಿಂಬಿಯೇ ಇದಕ್ಕೂ ಸರಿ. ಮಗುವಿಗೂ ಪೊರಕೆಗೂ ಸಿಗದ ಮೂಲೆ ನೋಡಿ.

ಮೀಟಿದ ಮೇಲೆ ಕೈಬೆವರು ತಂತಿಗಳ ಮೇಲೆ ಉಳಿಯುತ್ತದೆ. ಒಣ ಬಟ್ಟೆಯಿಂದ ಒರಸಿಯೇ ಗವಸು ಹಾಕಬೇಕು. ಮಳೆಗಾಲದಲ್ಲಿಯೂ ವಾರಕ್ಕೆ ಎರಡು ಸಲ ಗವಸು ಬಿಚ್ಚಿ ಗಾಳಿಯಾಡಿಸಿ. ಹಲವು ದಿನ ಊರಿಗೆ ಹೋಗುವುದಿದ್ದರೆ ತಂತಿಗಳನ್ನು ಒಂದೆರಡು ಸ್ವರದಷ್ಟು ಇಳಿಸಿ ಹೋಗಿ, ಪೂರ್ತಿ ಬಿಚ್ಚಬೇಡಿ. ತಂತಿ ತುಕ್ಕು ಹಿಡಿದರೆ ಹರಿಯುವ ತನಕ ಕಾಯದೆ ಬದಲಾಯಿಸಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚದೆ, ಒಂದನ್ನು ಕಟ್ಟಿ ಇನ್ನೊಂದನ್ನು ಬಿಚ್ಚಿ. ಹಾಗೆ ಮಾಡಿದರೆ ಹಲಗೆಯ ಮೇಲಿನ ಭಾರ ಒಮ್ಮೆಲೇ ಏರುಪೇರಾಗುವುದಿಲ್ಲ. ಬಿರಡೆ ಜಾರಿದರೆ ಸೀಮೆಸುಣ್ಣದ ಪುಡಿ ಹಚ್ಚಿ. ಕೊಬ್ಬರಿ ಎಣ್ಣೆಯ ಫಲವನ್ನು ಈಗಾಗಲೇ ಹೇಳಿದ್ದೇನೆ. ವರುಷಾನುಗಟ್ಟಲೆ ಮೀಟಿದರೆ ತಂತಿಗಳು ಕುದುರೆಯ ಮೇಲೆ ಗೀರು ಕೊರೆಯುತ್ತವೆ, ದನಿ ಮಂಕಾಗುತ್ತದೆ. ಆಗ ಅದನ್ನು ಅರದಿಂದ ಹದಗೊಳಿಸಬೇಕು. ಅದಕ್ಕೆ ಜವಾರಿ ಮಾಡುವುದೆನ್ನುತ್ತಾರೆ. ಕೂದಲೆಳೆ ತಪ್ಪಿದರೂ ಕೆಡುವ ಕೆಲಸ. ಉಪ್ಪುಕಾಗದದ ಶೂರರು ಅದರ ಹತ್ತಿರ ಹೋಗಕೂಡದು.

ನಮ್ಮ ಮನೆಗಳ ಹುಡುಗರಲ್ಲಿ ಗಿಟಾರಿನ ಹುಚ್ಚೂ ಹೆಚ್ಚಾಗಿದೆ. ತಂದೆತಾಯಿಗಳು ಮುನಿಯಬೇಕಾಗಿಲ್ಲ, ಅದೂ ಮರವೇ, ಅದೂ ತಂತಿಯೇ. ಮೇಲೆ ಹೇಳಿದ ತೇವ, ಬಿಸಿಲು, ಬೆವರಿನ ನಿಯಮಗಳೆಲ್ಲ ಅದಕ್ಕೂ ಸಲ್ಲುತ್ತವೆ. ಎರಡು ಮಾತು ಮಾತ್ರ ಬೇರೆ. ಎಳೆಯ ಬೆರಳುಗಳಿಗೆ ನೈಲಾನ್ ತಂತಿಯ ಗಿಟಾರ್ ಮೆತ್ತಗೆ. ಹಾಗೆ ನೈಲಾನ್ ತಂತಿಗೆಂದು ಮಾಡಿದ ಗಿಟಾರಿಗೆ ಉಕ್ಕಿನ ತಂತಿ ಹಾಕಬಾರದು. ಉಕ್ಕಿನ ಎಳೆತ ಹೆಚ್ಚು, ಕುದುರೆಯನ್ನೇ ಕಿತ್ತುಬಿಡಬಹುದು. ಕೊಳ್ಳುವಾಗ ಪ್ರತಿಯೊಂದು ಮನೆಯಲ್ಲಿಯೂ ತಂತಿ ಒತ್ತಿ ನೋಡಿ. ಒತ್ತಲು ಬೆರಳು ನೋಯುವಷ್ಟು ತಂತಿ ಎತ್ತರದಲ್ಲಿದ್ದರೆ ಮಗು ಒಂದು ತಿಂಗಳಲ್ಲಿ ಅದನ್ನು ಗೋಡೆಗೆ ತೂಗುಹಾಕುತ್ತದೆ.

ಈಗ ತಂಬೂರಿಯನ್ನು ಅನುಭವಿಸುವ ಮಾತು, ಮುಖ್ಯವಾದದ್ದು ಇದೇ. ತಂಬೂರಿಗೆ ನಾಲ್ಕು ತಂತಿ. ಮೊದಲನೆಯದು ಮಂದ್ರ ಪಂಚಮ, ನಡುವಿನ ಎರಡು ಜೋಡಿ ಷಡ್ಜ, ಕೊನೆಯ ದಪ್ಪ ಹಿತ್ತಾಳೆ ತಂತಿ ಕೆಳಗಿನ ಷಡ್ಜ, ಅಂದರೆ ಖರಜ. ಪಂಚಮವಿಲ್ಲದ ಮಾಲಕಂಸ ಅಥವಾ ಹಿಂದೋಳದಂಥ ರಾಗಗಳಿಗೆ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸುತ್ತಾರೆ. ಮೊದಲ ತಂತಿಗೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು. ಎಳೆಯುವುದಲ್ಲ, ಸವರುವುದು. ಹಾಡಿನ ತಾಳಕ್ಕೆ ಕುಣಿಯದೆ, ಉಸಿರಿನಂತೆ ತನ್ನ ಪಾಡಿಗೆ ಸಮನಾಗಿ ನಡೆಯಬೇಕು.

ಶ್ರುತಿ ಮಾಡುವಾಗ ಮೊದಲು ಒಂದು ಜೋಡಿ ತಂತಿಯನ್ನು ಕೂಡಿಸಿ, ಇನ್ನೊಂದನ್ನು ಅದಕ್ಕೆ ಸೇರಿಸಿ. ಎರಡೂ ಹೊಂದದಿದ್ದರೆ ದನಿ ಅಲೆಯಲೆಯಾಗಿ ತೂಗುತ್ತದೆ. ಹತ್ತಿರ ಬಂದಂತೆ ತೂಗಾಟ ನಿಧಾನವಾಗಿ, ಕೂಡಿದಾಗ ನಿಂತುಹೋಗುತ್ತದೆ. ಆಮೇಲೆ ಖರಜ, ಕೊನೆಗೆ ಪಂಚಮ. ಹೆಚ್ಚು ಕಡಮೆಗೆ ಬಿರಡೆ. ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಕುದುರೆಯ ಕೆಳಗಿರುವ ಮಣಿ. ಎಲ್ಲ ಕೂಡಿದ ಮೇಲೆ ಕುದುರೆಯ ಮೇಲೆ ತಂತಿಯ ಅಡಿಗಿರುವ ಹತ್ತಿಯ ದಾರವನ್ನು ಹಿಂದೆ ಮುಂದೆ ಸರಿಸುತ್ತ ಹೋಗಬೇಕು. ಎಲ್ಲಿಯೋ ಒಂದೆಡೆ ತಟ್ಟನೆ ದನಿ ಅರಳಿ, ಜೇನುಹುಟ್ಟಿನಂತೆ ಝೇಂಕರಿಸುತ್ತದೆ. ಆ ದಾರಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಜೀವಾಳ. ಕವಡೆಯ ಬೆಲೆಯ ಒಂದು ನೂಲೆಳೆಗೆ ಇಂಥ ಹೆಸರು! ಅದನ್ನು ಬಲ್ಲವರೇ ಇಟ್ಟಿರಬೇಕು.

ಈ ಝೇಂಕಾರದ ಗುಟ್ಟನ್ನು ಹುಡುಕಿದವರಲ್ಲಿ ಸರ್ ಸಿ. ವಿ. ರಾಮನ್ನರೂ ಒಬ್ಬರು. ತಂತಿಯನ್ನು ಮೀಟಿದಾಗ ಒಂದೇ ಸ್ವರ ಹುಟ್ಟುವುದಿಲ್ಲ. ಖರಜದ ತಂತಿ ಸೆಕೆಂಡಿಗೆ 100 ಸಲ ಕಂಪಿಸಿದರೆ ಅದರೊಳಗೆ 200, 300, 400, 500 ಹೀಗೆ ಮೇಲಿನ ಕಂಪನಗಳೂ ಅಡಗಿರುತ್ತವೆ. ತಂತಿಯನ್ನು ನಟ್ಟನಡುವೆ ಮೀಟಿದರೆ ಆ ಜಾಗದಲ್ಲಿ ಅಲುಗದೆ ನಿಲ್ಲಬೇಕಾದ ಮೇಲ್ಸ್ವರಗಳು ಹುಟ್ಟಲೇಕೂಡದೆಂಬುದು ಪಶ್ಚಿಮದ ವಿಜ್ಞಾನಿಗಳು ಕಂಡುಕೊಂಡಿದ್ದ ನಿಯಮ. ಕಲಕತ್ತೆಯಲ್ಲಿದ್ದ ರಾಮನ್ನರು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ನಮ್ಮ ತಂಬೂರಿಯೂ ವೀಣೆಯೂ ಈ ನಿಯಮವನ್ನು ಮೀರುತ್ತವೆ, ಇರಬಾರದ ಸ್ವರಗಳೂ ಅವುಗಳಲ್ಲಿ ಗಟ್ಟಿಯಾಗಿ ಕೇಳುತ್ತವೆ, ಅದಕ್ಕೆ ಕಾರಣ ಅಗಲವಾದ ಬಾಗು ಕುದುರೆ ಎಂದು ತೋರಿಸಿಕೊಟ್ಟರು. ತಂತಿಯು ಚೂಪಾದ ಅಂಚಿನ ಮೇಲೆ ನಿಲ್ಲದೆ, ಕುದುರೆಯ ಬಾಗು ಬೆನ್ನನ್ನು ಕ್ಷಣಕ್ಷಣಕ್ಕೂ ತಾಕಿ ಬಿಡುತ್ತಿರುವುದರಿಂದ ಆ ಸ್ವರಗಳು ಎಚ್ಚರಗೊಳ್ಳುತ್ತವೆ. ಜೀವಾಳದ ದಾರ ಆ ತಾಕುವಿಕೆಯನ್ನು ಹದಕ್ಕೆ ತರುತ್ತದೆ. ಹೆಸರಿಲ್ಲದ ನಮ್ಮ ಕುಶಲಕರ್ಮಿಗಳು ಕಿವಿಯೊಂದರಿಂದಲೇ ಇದನ್ನು ಕಂಡುಕೊಂಡಿದ್ದರು.

ಮೇಲಿನ ಲೆಕ್ಕದಲ್ಲಿ 500ರ ಕಂಪನ ಇದೆಯಲ್ಲ, ಅದು ಗಾಂಧಾರ. ಯಾವ ತಂತಿಯನ್ನೂ ಗಾಂಧಾರಕ್ಕೆ ಕಟ್ಟಿಲ್ಲ. ಆದರೂ ಶ್ರುತಿ ಸರಿಯಾಗಿ ಕೂಡಿದ ತಂಬೂರಿಯ ಖರಜದೊಳಗಿಂದ ಅದು ತಾನಾಗಿಯೇ ಏಳುತ್ತದೆ. ಸಂಗೀತಗಾರರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಅದು ಕೇಳಿಸಿತೆಂದರೆ ನಿಮ್ಮ ಶ್ರುತಿ ಕೂಡಿತು, ನಿಮ್ಮ ಕಿವಿ ತೆರೆಯಿತು ಎಂದು ತಿಳಿಯಿರಿ.

"ಇಷ್ಟೆಲ್ಲ ತಾಪತ್ರಯ ಏಕೆ? ಗುಂಡಿ ಒತ್ತಿದರೆ ಮೊಬೈಲಿನಲ್ಲಿಯೇ ತಂಬೂರಿ ಬರುತ್ತದಲ್ಲ?" ಎಂದು ತರುಣರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಎಲೆಕ್ಟ್ರಾನಿಕ್ ತಂಬೂರಿಯನ್ನು 1970ರ ದಶಕದ ಕೊನೆಯಲ್ಲಿ ರೂಪಿಸಿದವರಲ್ಲಿ ಮೊದಲಿಗರು ನಮ್ಮ ಬೆಂಗಳೂರಿನ ಜಿ. ರಾಜ್‌ನಾರಾಯಣ್ ಅವರು; ಆ ಹೆಮ್ಮೆಯೂ ನಮ್ಮದೇ. ಒಬ್ಬರೇ ಅಭ್ಯಾಸ ಮಾಡುವವರಿಗೆ, ಪ್ರವಾಸದಲ್ಲಿರುವವರಿಗೆ ಅದು ದೊಡ್ಡ ಉಪಕಾರ. ನಮ್ಮ ಮನೆಯಲ್ಲಿಯೂ ಇದೆ. ಷಡ್ಜವನ್ನು ಅದರಿಂದಲೇ ಹಿಡಿದುಕೊಳ್ಳುತ್ತೇವೆ. ಆದರೆ ಯಂತ್ರ ಶ್ರುತಿಯನ್ನು ಕೊಡುತ್ತದೆ. ತಂಬೂರಿ ಶ್ರುತಿಯನ್ನು ಹುಡುಕಲು ಕಲಿಸುತ್ತದೆ. ಹುಡುಕಿದ ಕಿವಿಗೂ ಪಡೆದ ಕಿವಿಗೂ ವ್ಯತ್ಯಾಸವಿದೆ. ಇನ್ನೊಂದು ಗುಣ ಹೇಳಿಬಿಡುತ್ತೇನೆ: ತಂಬೂರಿಯಿಂದ ಪಕ್ಕದ ಮನೆಯವರೊಡನೆ ಜಗಳ ಬರುವುದಿಲ್ಲ. ಅದರ ದನಿ ಕೇಳಬೇಕಾದವರಿಗಷ್ಟೇ ಕೇಳುತ್ತದೆ.

ಕೊನೆಗೆ, ನಮ್ಮ ತಂಬೂರಿ ಏನಾಯಿತು ಎಂಬುದನ್ನು ಹೇಳಿ ಮುಗಿಸುತ್ತೇನೆ. ಮಿರಜಿನಿಂದ ತಂದ ಮೇಲೆ ಅದು ಅವ್ವನ ದನಿಗೆ ಪೂರ್ತಿ ಮರಳಲಿಲ್ಲ. ಹಲಗೆ ಹೊಸದು, ಮೊದಲಿನ ಮೆತ್ತನೆಯ ಆಳ ಇನ್ನೂ ಬಂದಿಲ್ಲ. ಹನ್ನೆರಡು ವರ್ಷದ ಅಲಕ್ಷ್ಯಕ್ಕೆ ಅಷ್ಟಾದರೂ ದಂಡ ತೆರಲೇಬೇಕಲ್ಲ. ಆದರೆ ಅಂದಿನಿಂದ ಅದಕ್ಕೆ ದಿನಾಲೂ ಬಿಡುವಿಲ್ಲ. ಸಂಜೆ ನಾನೂ ಮೊಮ್ಮಗಳೂ ಕುಳಿತು ಶ್ರುತಿ ಮಾಡುತ್ತೇವೆ. ಅವಳು ಶಾಲೆಯಲ್ಲಿ ಇಂಗ್ಲಿಷ್, ಗೆಳತಿಯರೊಡನೆ ಹಿಂದಿ, ಕೆಳಗಿನ ಅಂಗಡಿಯಲ್ಲಿ ಮರಾಠಿ ಮಾತನಾಡುವವಳು. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಹೇಳುವುದು ರೂಢಿಯಾಗಿತ್ತು. ನಾನೂ ಗದರಿಸಿ ನೋಡಿದ್ದೆ, ಪುಸ್ತಕ ತಂದುಕೊಟ್ಟು ನೋಡಿದ್ದೆ, ಹೆಚ್ಚೇನೂ ಆಗಿರಲಿಲ್ಲ. ಆದರೆ ಬಿರಡೆ, ಕುದುರೆ, ಬುರುಡೆ, ಸಿಂಬಿ, ಜೀವಾಳ ಈ ಮಾತುಗಳಿಗೆ ಅವಳಿಗೆ ಬೇರೆ ಭಾಷೆಯ ಹೆಸರು ಗೊತ್ತಿರಲಿಲ್ಲ. ನಾನೂ ಹೇಳಿಕೊಡಲಿಲ್ಲ. "ಅಜ್ಜಾ, ಬಿರಡೆ ಜಾರ್ಲಿಕ್ಕತ್ತದ" ಎಂದು ಒಂದು ದಿನ ತಾನಾಗಿಯೇ ಅಂದಳು. ಸುಣ್ಣ ಹಚ್ಚಿದೆವು.

ಕೆಲವು ತಿಂಗಳಾದ ಮೇಲೆ, ಒಂದು ಮಳೆಯ ಸಂಜೆ, ದೀಪ ಹೋಗಿತ್ತು. ಕತ್ತಲಲ್ಲಿ ಕುಳಿತು ಖರಜವನ್ನು ಮೀಟಿ ದಾರ ಸರಿಸುತ್ತಿದ್ದೆ. ಅವಳು ತಟ್ಟನೆ ನನ್ನ ಕೈ ಹಿಡಿದು, "ಅಜ್ಜಾ, ತಡಿ! ಇದರೊಳಗ ಇನ್ನೊಬ್ಬರು ಯಾರೋ ಹಾಡ್ಲಿಕ್ಕತ್ತಾರ!" ಎಂದಳು. ಅವಳಿಗೆ ಕೇಳಿಸಿದ್ದು ಗಾಂಧಾರ. ನನಗೆ ಕೇಳಿಸಿದ್ದು ಧಾರವಾಡದ ಮಾತು. ಅದೂ ನಮ್ಮ ಅವ್ವ ಆಡುತ್ತಿದ್ದ ಧಾಟಿಯಲ್ಲಿಯೇ.

ಮಹನೀಯರೇ, ಅರಿಸಿನ ಕುಂಕುಮ ಹಚ್ಚಿ ಮೂಲೆಯಲ್ಲಿ ನಿಲ್ಲಿಸುವುದರಿಂದ ತಂಬೂರಿ ಉಳಿಯುವುದಿಲ್ಲ. ವರ್ಷಕ್ಕೊಂದು ದಿನ ನಮಸ್ಕರಿಸಿದರೂ ಉಳಿಯುವುದಿಲ್ಲ. ದಿನಾಲೂ ಕೈ ತಾಕಿದರೆ, ತಪ್ಪಿದಾಗಲೆಲ್ಲ ಕೂಡಿಸಿಕೊಂಡರೆ, ಹರಿದ ತಂತಿಯನ್ನು ಬದಲಾಯಿಸಿಕೊಂಡರೆ ಉಳಿಯುತ್ತದೆ. ನವೆಂಬರ್ ಒಂದನೆಯ ತಾರೀಖಿನಂದು ಇದನ್ನು ಬೇರೆ ಯಾವ ವಸ್ತುವಿಗೆ ಅನ್ವಯಿಸಬೇಕೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೋ ಕಪಾಟಿನ ಹಿಂದೆಯೋ ಗವಸಿನಲ್ಲಿ ಸುತ್ತಿದ ಏನಾದರೂ ಇದ್ದರೆ, ಊಟವಾದ ಮೇಲೆ ಮನೆಗೆ ಹೋಗಿ ಇಂದೇ ಬಿಚ್ಚಿ ನೋಡಿ ಎಂದು ಕೈಮುಗಿದು ಬೇಡುತ್ತೇನೆ. ನಾನು ಹನ್ನೆರಡು ವರ್ಷ ತಡಮಾಡಿದೆ, ನೀವು ಮಾಡಬೇಡಿರಿ.

ಹಿಂದಿನ ಸಾಲಿನ ಮಕ್ಕಳೇ, ಈಗ ಊಟಕ್ಕೆ ಏಳಬಹುದು.